ಹಳ್ಳ ದಾಟದ ಹಿಂಡು

ಆ ವರ್ಷ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟಿದ್ದವು. ಅರವತ್ತರ ದಶಕದ ನಡುವಿನ ಮಾತು. ಹೋಳಿ ಹುಣ್ಣಿಮೆಗೆ ಮೊದಲೇ ಸವಣೂರು ತಾಲೂಕಿನ ಎರೆನೆಲದ ಹಳ್ಳಿಗಳಲ್ಲಿ ಬಣವೆಗಳು ಮುಗಿದಿದ್ದವು. ನಾನು ಅಲ್ಲಿ ಸ್ಟಾಕ್‌ಮನ್ ಆಗಿದ್ದೆ. ದನಗಳಿಗೆ ಲಸಿಕೆ ಹಾಕುವುದು, ಗಾಯ ತೊಳೆದು ಕಟ್ಟುವುದು, ಹೊಟ್ಟೆಯುಬ್ಬರಕ್ಕೆ ಔಷಧ ಕುಡಿಸುವುದು ನನ್ನ ಕೆಲಸ. ಓದಿದ ಪಶುವೈದ್ಯರು ಶಿಗ್ಗಾಂವದಲ್ಲಿ ಇರುತ್ತಿದ್ದರು. ಹಳ್ಳಿಯವರಿಗೆ ಈ ವ್ಯತ್ಯಾಸ ಬೇಕಿರಲಿಲ್ಲ. ಚೀಲ ತೂಗುಹಾಕಿಕೊಂಡು ಸೈಕಲ್ ಮೇಲೆ ಬಂದವನು ಅವರಿಗೆ ಡಾಕ್ಟರೇ.

ನನ್ನ ಪಾಲಿಗೆ ಬಂದ ಹಳ್ಳಿಗಳಲ್ಲಿ ಒಂದರ ಸ್ಥಿತಿ ತೀರ ಕೆಟ್ಟಿತ್ತು. ಬಾವಿಯಲ್ಲಿ ಉಳಿದ ನೀರು ಸವುಳು. ದನ ಮೂತಿ ಇಟ್ಟು ತೆಗೆಯುತ್ತಿದ್ದವು. ಜನ ಗುಡಿಸಲ ಮೇಲಿನ ಹಳೆಯ ಹುಲ್ಲು ಕಿತ್ತು ಹಾಕುತ್ತಿದ್ದರು. ಆಲದ ಸೊಪ್ಪು, ಬೇವಿನ ಸೊಪ್ಪು ಕೈಗೆ ಎಟುಕುವಷ್ಟು ಮುಗಿದು, ಮರಗಳು ಮೇಲೆ ಮಾತ್ರ ಹಸಿರಾಗಿ ನಿಂತಿದ್ದವು. ಹಿಂದಿನ ಬರಗಳಲ್ಲಿ ಪಾಪಾಸುಕಳ್ಳಿಯ ಮುಳ್ಳು ಸುಟ್ಟು ದನಕ್ಕೆ ಹಾಕಿದ್ದನ್ನು ಮುದುಕರು ಹೇಳುತ್ತಿದ್ದರು. ಆದರೆ ಆ ಕಳ್ಳಿಗೆ ಹುಳು ಬಿದ್ದು ಅದು ಎಂದೋ ನಾಶವಾಗಿತ್ತು. ಸರಕಾರದ ಮೇವಿನ ಡಿಪೋದಿಂದ ಒಂದು ಸಲ ಹುಲ್ಲಿನ ಪೆಂಡಿಗಳು ಬಂದವು. ಬಿಚ್ಚಿ ನೋಡಿದರೆ ಒಳಗೆ ಬಿಳಿ ಬೂಷ್ಟು. ನಾವು ಅಂಗಳದಲ್ಲಿ ಹರವಿ, ಕೈಯಿಂದ ಆರಿಸಿ, ಬಿಸಿಲಿಗೆ ಒಣಗಿಸಿ ಹಂಚಿದೆವು. ಆಮೇಲೆ ಬರುತ್ತದೆ ಎಂದಿದ್ದ ಲಾರಿ ಬರಲೇ ಇಲ್ಲ.

ಮೇವು ದನದ ಹತ್ತಿರ ಬಾರದಿದ್ದರೆ ದನವನ್ನೇ ಮೇವಿನ ಹತ್ತಿರ ಒಯ್ಯಬೇಕು ಎಂದು ಊರಲ್ಲಿ ಮಾತಾಯಿತು. ಹಿಂಡಿಗೆ ಒಬ್ಬ ಹಿರಿಯ ರೈತ ಮುಂದಾಳಾದರು. ದೊಡ್ಡ ದನಿ, ಗಟ್ಟಿ ಆಳು. ಅವರ ಕೊಟ್ಟಿಗೆಯಲ್ಲೇ ಎಲ್ಲರಿಗಿಂತ ಹೆಚ್ಚು ಜೋಡಿ ಎತ್ತುಗಳಿದ್ದವು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ.

ಜಾಗ ನೋಡಿ ಬರುವ ಕೆಲಸ ನನ್ನ ಮೇಲೆ ಬಿತ್ತು. ಮೊದಲು ಹಿರೇಕೆರೂರು ಕಡೆಗೆ ಹೋದೆ. ಮಾಸೂರಿನ ಮದಗದ ಕೆರೆಯಲ್ಲಿ ನೀರಿದೆ ಎಂಬ ಸುದ್ದಿ ಇತ್ತು. ನೀರು ಇತ್ತು, ಆದರೆ ಸುತ್ತಲಿನ ಊರುಗಳ ದನವೆಲ್ಲ ಆಗಲೇ ಅಲ್ಲಿ ಕೆಸರು ತುಳಿಯುತ್ತ ನಿಂತಿದ್ದವು. ಅಲ್ಲಿಂದ ಹಾನಗಲ್ಲ ತಾಲೂಕಿಗೆ ಹೊರಳಿದೆ. ಕಾಡಿನ ಅಂಚಿನ ಒಂದು ಊರಿನಲ್ಲಿ ಎರಡು ಕೆರೆಗಳಿದ್ದವು: ಮೇಲಿನದು ಜನಕ್ಕೆ, ಕೆಳಗಿನದು ದನಕ್ಕೆ. ಗುಡ್ಡದ ಇಳಿಜಾರಿನಲ್ಲಿ ಒಣಹುಲ್ಲು ಮೊಣಕಾಲುದ್ದ ನಿಂತಿತ್ತು. ಬತ್ತದ ಹುಲ್ಲಿನ ಬಣವೆಗಳೂ ಇದ್ದವು.

ಊರಿನ ಗೌಡರು ನನ್ನ ಮಾತನ್ನು ಕಟ್ಟೆಯ ಮೇಲೆ ಕುಳಿತು ಪೂರ್ತಿ ಕೇಳಿದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಅವರು ಹಾಕಿದ ಷರತ್ತುಗಳಲ್ಲಿ ತಪ್ಪು ಹುಡುಕುವಂತಹದ್ದೇನೂ ಇರಲಿಲ್ಲ. ದನ ಕೆಳಗಿನ ಕೆರೆಗೆ ಮಾತ್ರ ಇಳಿಯಬೇಕು. ಕಾಡಿನ ಹುಲ್ಲನ್ನು ನಮ್ಮವರೇ ಕೊಯ್ಯಬೇಕು. ರಾತ್ರಿ ದನ ತರುಬಿ ನಿಲ್ಲಿಸುವುದು ಅವರು ತೋರಿಸಿದ ಹೊಲಗಳಲ್ಲಿ, ಸಗಣಿಯೆಲ್ಲ ಆ ಹೊಲಕ್ಕೆ. ಕೊನೆಗೆ ಕೇಳಿದರು:

"ನಿಮ್ಮ ದನಕ್ಕ ಬ್ಯಾನಿಗೀನಿ ಏನೂ ಇಲ್ಲಲ್ರಿ?"

"ದೊಡ್ಡಬ್ಯಾನಿಗೆ ನಾನ ಲಸಿಕಿ ಹಾಕೇನಿ. ಹೊರಡೂ ಮುಂದ ಒಂದೊಂದನ್ನೂ ನೋಡ್ತೇನಿ."

"ದಾರ್‍ಯಾಗ ಏನರ ಆದ್ರ?"

"ಆದ್ರ ನಿಮಗ ಮೊದಲ ನಾನ ಬಂದು ಹೇಳ್ತೇನಿ."

ಅವರು ತಲೆಯಾಡಿಸಿ, ಎದ್ದು ಒಳಗೆ ಹೋದರು. ಒಪ್ಪಿಗೆ ಎಂದರೆ ಅಷ್ಟೇ.

ಹೊರಡುವ ಮುಂಚೆ ಪ್ರತಿ ದನದ ಬಾಯಿ, ಕಾಲು, ಕಣ್ಣು ನೋಡಿದೆ. ದಾರಿ ನಡೆಯಲಾರದಷ್ಟು ಸೊರಗಿದವನ್ನು ಊರಲ್ಲೇ ಉಳಿಸಿ, ಉಳಿದ ಬೂಷ್ಟಿಲ್ಲದ ಹುಲ್ಲನ್ನು ಅವಕ್ಕೆ ಬಿಟ್ಟೆವು. ಎಳೆಗರುಗಳನ್ನು ಬಂಡಿಯಲ್ಲಿ ಹಾಕಿದೆವು. ಗಂಡಸರಲ್ಲಿ ಅರ್ಧದಷ್ಟು ಜನ ಬರಗಾಲದ ರಸ್ತೆ ಕೆಲಸಕ್ಕೆ ಹೋಗಿ ಜಲ್ಲಿ ಒಡೆಯುತ್ತಿದ್ದರು. ಹಾಗಾಗಿ ಕೆಲವು ಮನೆಗಳಿಂದ ಹೆಂಗಸರು ಹೊರಟರು. ಅವರಲ್ಲಿ ನಲವತ್ತರ ಆಸುಪಾಸಿನ ಒಬ್ಬಾಕೆ ಒಂದು ಜೋಡಿ ಬಿಳಿ ಎತ್ತು ಹಿಡಿದುಕೊಂಡು ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಗಂಡ ಜಲ್ಲಿ ಕೆಲಸದಲ್ಲಿದ್ದ. ಮನೆಯಲ್ಲಿ ಬೇರೆ ದನ ಇರಲಿಲ್ಲ. ಧೂಳು ಬರುತ್ತದೆ, ಮುಂದೆ ಬಾ ಅಕ್ಕಾ ಎಂದರೆ, "ಇವು ಗದ್ದಲಕ್ಕ ಹೆದರತಾವ ತಮ್ಮಾ, ಹಿಂದ ಇರ್ಲಿ" ಎಂದಳು.

ನಡಿಗೆ ಬೆಳಗಿನ ತಂಪಿನಲ್ಲಿ ಮತ್ತು ಸಂಜೆ. ಮಧ್ಯಾಹ್ನ ಹುಣಸೆ ಅಥವಾ ಮಾವಿನ ತೋಪು ಸಿಕ್ಕಲ್ಲಿ ತಂಗುವುದು. ನಾನು ಸೈಕಲ್ ಮೇಲೆ ಮುಂದೆ ಹೋಗಿ ನೀರಿನ ಜಾಗ ಗೊತ್ತುಮಾಡಿ ಬರುತ್ತಿದ್ದೆ. ಪುಣೆ–ಬೆಂಗಳೂರು ರಸ್ತೆ ದಾಟುವಾಗ ಕಾಕಾ ಎರಡೂ ಕಡೆ ಆಳು ನಿಲ್ಲಿಸಿ ಲಾರಿಗಳನ್ನು ತಡೆಹಿಡಿದರು. ಶಿಗ್ಗಾಂವ ತಾಲೂಕಿನ ಒಂದು ಹೊಂಡದಲ್ಲಿ ಬೇರೆ ಯಾರದೋ ದನ ಕುಡಿಯುತ್ತಿದ್ದವು. ಅವು ಹೋಗುವ ತನಕ ಕಾಯೋಣ ಎಂದೆ. ಆದರೆ ನೀರಿನ ವಾಸನೆ ಹತ್ತಿದ ಹಿಂಡನ್ನು ತಡೆಯಲು ಯಾರಿಂದಲೂ ಆಗಲಿಲ್ಲ.

ಹಾನಗಲ್ಲ ತಾಲೂಕಿನ ಗಡಿಯಲ್ಲಿ ಒಂದು ಅಗಲವಾದ ಹಳ್ಳ. ನೀರಿಲ್ಲದೆ ಬರೀ ಉಸುಕು. ಆಚೆ ದಂಡೆ ಏರಿದರೆ ಗೌಡರ ಊರಿನ ಸೀಮೆ. ನಾವು ಈಚೆ ದಂಡೆಯ ಹೊಂಗೆ ಮರಗಳ ಕೆಳಗೆ ತಂಗಿದೆವು. ಬೆಳಗ್ಗೆ ಹಗ್ಗ ಬಿಚ್ಚುವ ಹೊತ್ತಿಗೆ ಬಿಳಿ ಎತ್ತಿನ ಹೆಣ್ಣುಮಗಳು ನನ್ನನ್ನು ಕರೆದಳು.

"ತಮ್ಮಾ, ಇದರ ಬಾಯಿ ಒಂಚೂರು ನೋಡಬಾ. ರಾತ್ರಿಯಿಂದ ಚಪ್ ಚಪ್ ಅನಸಾಕತ್ತೈತಿ."

ನೊಗದ ಬಲಕ್ಕೆ ಕಟ್ಟುವ ಎತ್ತು. ತುಟಿಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಮೈ ಮುಟ್ಟಿದರೆ ಸುಡುತ್ತಿತ್ತು. ನಾಲಿಗೆ ಹೊರಗೆ ಎಳೆದು ನೋಡಿದೆ: ಬೊಬ್ಬೆಗಳು. ಒಂದು ಒಡೆದು ಚರ್ಮ ನನ್ನ ಬೆರಳಿಗೇ ಅಂಟಿ ಬಂತು. ಹಿಂಗಾಲೊಂದನ್ನು ಮತ್ತೆ ಮತ್ತೆ ಒದರುತ್ತಿತ್ತು. ಗೊರಸಿನ ಸೀಳಿನಲ್ಲೂ ಅದೇ ಬೊಬ್ಬೆ. ಕಾಲುಬಾಯಿ ಬೇನೆ. ದೊಡ್ಡಬೇನೆಗೆ ಹಾಕಿದ ಲಸಿಕೆ ಇದನ್ನು ತಡೆಯುವುದಿಲ್ಲ, ಇದಕ್ಕೆ ಆ ಕಾಲಕ್ಕೆ ನಮ್ಮ ಹತ್ತಿರ ಲಸಿಕೆ ಇರಲಿಲ್ಲ. ಗಾಳಿ ಹಿಡಿದಂತೆ ಹರಡುವ ರೋಗ ಅದು. ದೊಡ್ಡ ದನ ಸಾಯುವುದು ಕಡಿಮೆ, ಆದರೆ ಕರುಗಳು ನಿಂತಲ್ಲೇ ಬೀಳುತ್ತವೆ, ದುಡಿಯುವ ಎತ್ತು ತಿಂಗಳುಗಟ್ಟಲೆ ಕಾಲೂರುವುದಿಲ್ಲ. ಹಿಂಡಿನಲ್ಲಿ ಸುತ್ತಾಡಿ ನೋಡಿದಾಗ ಜೊಲ್ಲು ಸುರಿಸುವ ಇನ್ನೂ ಎರಡು ಮೂರು ದನ ಕಂಡವು.

ಕಾಕಾನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ಹಳ್ಳದ ಆಚೆ ಕೈ ತೋರಿಸಿದರು.

"ಅಲ್ಲಿ ಗುಡ್ಡ ಕಾಣತೈತಿ ನೋಡ್ರಿ. ಇವತ್ತ ಬಿಸಲೇರೂದ್ರಾಗ ಮುಟ್ಟತೇವಿ. ದನಕ್ಕ ಹುಲ್ಲು, ನೀರು ಸಿಗತಾವ. ಮುಟ್ಟಿದ ಮ್ಯಾಲ ಹೇಳೂಣು. ಅಲ್ಲೇ ಬಂತು ಅಂದ್ರ ಯಾರು ಇಲ್ಲ ಅಂತಾರ?"

"ಅವರ ದನಕ್ಕ ಹತ್ತತೈತಿ ಕಾಕಾ."

"ನಮ್ಮ ದನ ಉಪಾಸ ಸಾಯ್ತಾವಲ್ರಿ. ಅದಕ್ಕೇನ ಮಾಡ್ತೀರಿ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ಸುತ್ತ ಸೇರಿದ್ದ ಜನರ ಕಣ್ಣೆಲ್ಲ ನನ್ನ ಮೇಲಿತ್ತು. ಮುಂದೆ ಹೋದರೆ ಬೇನೆ ಗೌಡರ ಊರಿಗೆ, ಅಲ್ಲಿಂದ ಕಾಡಿನಂಚಿನ ಊರೂರಿಗೆ ಹೋಗುತ್ತದೆ. ಮುಂಗಾರಿನ ಹೊತ್ತಿಗೆ ಆ ಕಡೆ ಹೂಡಲು ಎತ್ತೇ ಇರುವುದಿಲ್ಲ. ಹಿಂದಕ್ಕೆ ಹೋದರೆ ಬಂದ ದಾರಿಯುದ್ದಕ್ಕೂ ಬಿತ್ತಿಕೊಂಡೇ ಹೋಗುತ್ತೇವೆ, ಹುಣ್ಣಾದ ಗೊರಸುಗಳು ರಸ್ತೆಯಲ್ಲೇ ಕಳಚುತ್ತವೆ. ಉಳಿದದ್ದು ನಿಂತ ಜಾಗ ಒಂದೇ. ಇಲ್ಲೇ ನಿಲ್ಲೋಣ, ಒಂದು ದನವೂ ಹಳ್ಳ ದಾಟಬಾರದು ಎಂದೆ. ಕಾಕಾ ಹೆಗಲ ಮೇಲಿನ ವಸ್ತ್ರ ಝಾಡಿಸಿ ದೂರ ಹೋಗಿ ಕುಳಿತರು.

ನಾನು ಬಂಡಿಯಲ್ಲಿ ಉಳಿದಿದ್ದ ನೀರಿನಿಂದ ಮೈ ತೊಳೆದುಕೊಂಡು, ಬೇರೆ ಬಟ್ಟೆ ಹಾಕಿಕೊಂಡು, ಚಪ್ಪಲಿ ಬಿಟ್ಟು, ಸೈಕಲ್ ಗಾಲಿಗಳಿಗೆ ಫಿನೈಲ್ ನೀರು ಸುರಿದು ಹೊರಟೆ. ಊರೊಳಗೆ ಹೋಗಲಿಲ್ಲ. ಸೀಮೆಯ ಕಲ್ಲಿನ ಹತ್ತಿರ ನಿಂತು, ಹೊಲಕ್ಕೆ ಹೋಗುತ್ತಿದ್ದ ಒಬ್ಬರ ಕೈಲಿ ಗೌಡರಿಗೆ ಹೇಳಿಕಳುಹಿಸಿದೆ. ಅವರು ಬಂದು ಹೊಲದ ಬದುವಿನ ಆಚೆ ನಿಂತರು.

"ಯಾಕ್ರಿ, ಇಲ್ಲೇ ನಿಂತೀರಿ?"

"ಕಾಲುಬಾಯಿ ಬ್ಯಾನಿ ಬಂದೈತ್ರಿ. ಹಳ್ಳದ ಆಚಿ ದಂಡಿಮ್ಯಾಲ ನಿಲ್ಲಿಸೇನಿ."

ಅವರು ಬದುವಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. "ನಮ್ಮ ಸೀಮಿ ಬಾಯಿಗೆ ತಂದು ನಿಲ್ಲಿಸೀರಿ ಅಂದಂಗಾತು."

"ಹೌದ್ರಿ. ದನ ಈ ಕಡೆ ಬರೂದಿಲ್ಲ. ಆದ್ರ ಮೇವು ಬೇಕ್ರಿ. ನಿಮ್ಮ ಬಂಡಿ ಈ ದಂಡಿಗೆ ತಂದು ಒಗದು ಹೋಗ್ಲಿ. ನೀವು ಹೋದ ಮ್ಯಾಲ ನಮ್ಮವರು ಬಂದು ಹೊತ್ತುಕೊಂಡು ಹೋಗ್ತಾರ. ನಿಮ್ಮ ಎತ್ತು, ನಮ್ಮ ದನ ಒಂದನ್ನೊಂದು ನೋಡೂದೂ ಇಲ್ಲ."

"ಯಾರ ಹುಲ್ಲು? ಯಾಕ ಕೊಡಬೇಕು?"

ಹುಲ್ಲು ಅವರದು, ಕೊಡಲೇಬೇಕೆಂಬ ಕಾರಣವೂ ಇರಲಿಲ್ಲ. ಕೇಳಲು ಬಂದಿದ್ದೇನೆ ಎಂದಷ್ಟೇ ಹೇಳಿದೆ. ಗೌಡರು ತಿರುಗಿ, ಊರ ಕಡೆ ನಡೆದುಬಿಟ್ಟರು.

ಶಿಗ್ಗಾಂವದ ಪಶುವೈದ್ಯರಿಗೆ ಒಬ್ಬರನ್ನು ಬಸ್ಸಿನಲ್ಲಿ ಕಳುಹಿಸಿದೆ. ಮರುದಿನ ಮಧ್ಯಾಹ್ನ ಅವರು ಬಂದರು, ದನಗಳನ್ನು ನೋಡಿದರು. ವಾಪಸ್ಸು ಊರಿಗೆ ಒಯ್ಯಬಹುದಲ್ಲ ಎಂದು ಮೊದಲು ಅಂದರು. ಕಾಲುಗಳನ್ನು ತೋರಿಸಿದೆ. "ಬ್ಯಾಡ, ಇಲ್ಲೇ ಇರ್ಲಿ" ಎಂದರು. ಅವರ ದವಾಖಾನೆಯಲ್ಲಿ ಔಷಧ ಕೊನೆಗೆ ಬಂದಿತ್ತು. ಹಿರೇಕೆರೂರಿನಿಂದ ಪೊಟ್ಯಾಶಿಯಂ ಪರಮಾಂಗನೇಟ್ ಎಂಬ ಕೆಂಪು ಔಷಧ, ಫಿನೈಲ್, ಮೈಲುತುತ್ತ ತರಿಸಿಕೊಡುವುದಾಗಿ ಹೇಳಿ ಹೋದರು, ತರಿಸಿಯೂ ಕೊಟ್ಟರು.

ಅಷ್ಟರೊಳಗೆ ನೀರಿನ ಕೆಲಸ ಶುರುವಾಗಿತ್ತು. ಹಳ್ಳದ ತಿರುವಿನಲ್ಲಿ ಉಸುಕು ಬಗೆದು ವರ್ತಿಯ ಗುಂಡಿ ತೋಡಿದೆವು. ಎದೆಮಟ್ಟ ಇಳಿದ ಮೇಲೆ ನೀರು ಒಸರಿತು. ಬದಿ ಕುಸಿಯದಂತೆ ತಂಗಟಿ ಗಿಡದ ಬರಲು ಕಡ್ಡಿ ಹೆಣೆದು ನಿಲ್ಲಿಸಿದೆವು. ದನಗಳನ್ನು ಅದರ ಹತ್ತಿರ ಬಿಡದೆ, ಕೊಡದಲ್ಲಿ ಮೊಗೆದು, ದಂಡೆಯ ಮೇಲೆ ತೋಡಿ ಜೇಡಿಮಣ್ಣು ಮೆತ್ತಿದ ಕುಣಿಗಳಿಗೆ ಹಾಕಿ ಕುಡಿಸಿದೆವು. ಬೇನೆ ಬಂದವಕ್ಕೆ ಒಂದು ಕುಣಿ, ಬಾರದವಕ್ಕೆ ಇನ್ನೊಂದು. ಆ ಭೇದ ಬಹಳ ದಿನ ಉಳಿಯಲಿಲ್ಲ, ಬೇನೆ ಎಲ್ಲಕ್ಕೂ ಬಂತು.

ದಿನಚರಿ ಹೀಗಿತ್ತು. ಬೆಳಗ್ಗೆ ಪಟಿಕದ ನೀರಿನಿಂದಲೋ ಕೆಂಪು ಔಷಧದಿಂದಲೋ ಬಾಯಿ ತೊಳೆಯುವುದು. ಕಾಲು ತೊಳೆದು ಮೈಲುತುತ್ತದ ನೀರು ಹಾಕಿ, ನೊಣ ಕೂಡದಂತೆ ಕರ್ಪೂರ ಕರಗಿಸಿದ ಬೇವಿನ ಎಣ್ಣೆ ಸವರುವುದು. ಬಿಸಿ ಉಸುಕಿಗೆ ಇಳಿಸದೆ ನೆರಳಿನ ಗಟ್ಟಿ ನೆಲದಲ್ಲೇ ಕಟ್ಟುವುದು. ಬಾಯಿ ಹುಣ್ಣಾದ ದನ ಒಣಮೇವು ಅಗಿಯಲಾರದು. ಜನ ತಮ್ಮ ಬುತ್ತಿಯ ಜೋಳದ ಹಿಟ್ಟಿನಲ್ಲಿ ಅಂಬಲಿ ಕಾಸಿದರು. ಬಿದಿರಿನ ಗೊಟ್ಟದಲ್ಲಿ ಹಾಕಬೇಡಿ, ಗಂಟಲಿಗೆ ಸಿಕ್ಕರೆ ಶ್ವಾಸಕ್ಕೆ ಹೋಗುತ್ತದೆ ಎಂದು ಹೇಳಿ, ಕೈಯಲ್ಲಿ ನೆಕ್ಕಿಸುವುದನ್ನು ತೋರಿಸಿದೆ.

ಅಂಬಲಿಯಿಂದ ದನದ ಹೊಟ್ಟೆ ತುಂಬುವುದಿಲ್ಲ. ಎರಡನೆಯ ಸಂಜೆ ಹಸಿದ ದನ ಹೊಂಗೆಯ ತೊಗಟೆ ಕೆರೆಯತೊಡಗಿದವು. ಕಾಕಾನ ಒಂದು ಕರು ಹಾಲು ಕುಡಿಯುತ್ತ ನಿಂತಿದ್ದು ಹಾಗೆಯೇ ಮಗುಚಿ ಬಿತ್ತು. ಅವರು ಬಂದು ನನ್ನ ಎದುರು ನಿಂತರು.

"ನೀವು ಖರೇ ಮಾತಾಡಿ ಬಂದ್ರಿ. ಅವರು ಹುಲ್ಲು ಕೊಟ್ರೇನು? ನಾಳೆ ಬೆಳಿಗ್ಗೆ ನಾ ದಾಟತೇನಿ. ಬರೂವ್ರು ನನ್ನ ಜೋಡಿ ಬರ್ರಿ."

ಬಿಳಿ ಎತ್ತಿನ ಹೆಣ್ಣುಮಗಳು ತನ್ನ ಎತ್ತಿಗೆ ಅಂಬಲಿ ನೆಕ್ಕಿಸುತ್ತಿದ್ದವಳು ತಲೆಯೆತ್ತದೆ ಅಂದಳು: "ಇದಕ್ಕ ಕಾಲೂರಾಕ ಬರೂದಿಲ್ಲ ಕಾಕಾ. ನಾ ಹೆಂಗ ದಾಟ್ಲಿ?"

ಕಾಕಾ ಸುತ್ತ ನೋಡಿದರು. ಅಷ್ಟು ಹೊತ್ತಿಗೆ ಅವರ ಎತ್ತುಗಳಲ್ಲೂ ಎರಡು ಕಾಲೆತ್ತಿ ನಿಂತಿದ್ದವು. ಕರುವನ್ನು ಹೊತ್ತುಕೊಂಡು ಹೋಗಿ ಕುಣಿ ತೋಡಿದರು, ನಾನು ಸುಣ್ಣ ಹಾಕಿದೆ.

ಬೆಳಗ್ಗೆ ಆಚೆ ದಂಡೆಯ ಮೇಲೆ ಬಂಡಿಗಳು ಕಂಡವು. ಹೇರು ತುಂಬಿ ಬತ್ತದ ಹುಲ್ಲು. ಹೊಡೆಯುವವರು ನಮ್ಮ ಕಡೆ ನೋಡದೆ ಹುಲ್ಲು ಕೆಡವಿ ತಿರುಗಿಸಿಕೊಂಡು ಹೋದರು. ಕೊನೆಯ ಬಂಡಿಯ ಹಿಂದೆ ಗೌಡರು ನಡೆದು ಬಂದಿದ್ದರು. ಅಲ್ಲಿಂದಲೇ ಕೂಗಿದರು:

"ಬರೇ ಹಂಗ ಕೊಡೂದಿಲ್ರೀ! ಬ್ಯಾನಿ ಹ್ವಾದ ಮ್ಯಾಲ ನಿಮ್ಮ ಮಂದಿ ಬಂದು ನಮ್ಮ ಕೆಳಗಿನ ಕೆರಿ ಹೂಳು ತಗೀಬೇಕು. ಒಪ್ಪಿಗಿ ಐತೇನು?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು: "ಒಪ್ಪಿಗಿ ಐತ್ರೀ ಗೌಡ್ರ! ಎಷ್ಟು ಬೇಕಂತೀರಿ ಅಷ್ಟು ತಗೀತೇವಿ!"

ಆಮೇಲೆ ಬಂಡಿಗಳು ತಪ್ಪಲಿಲ್ಲ. ನಮ್ಮವರು ಹುಲ್ಲನ್ನು ಸಣ್ಣಗೆ ಕತ್ತರಿಸಿ, ನೀರಿನಲ್ಲಿ ನೆನೆಸಿ, ಮೇಲೆ ಉಪ್ಪು ಚಿಮುಕಿಸಿ ಹಾಕಿದರು. ನೆನೆದ ಹುಲ್ಲನ್ನು ಹುಣ್ಣಿನ ಬಾಯಿಯೂ ಒಪ್ಪಿತು. ಆದರೂ ಎಳೆಗರುಗಳಲ್ಲಿ ಬಹಳಷ್ಟು ಉಳಿಯಲಿಲ್ಲ. ಕಾಕಾನ ಗಬ್ಬದ ಆಕಳು ಕಂದು ಹಾಕಿತು. ಒಂದು ಮುದಿ ಎತ್ತು ಮಲಗಿದ್ದು ಏಳಲಿಲ್ಲ. ಉಳಿದವು ಒಂದೊಂದಾಗಿ ಮೆಲುಕು ಹಾಕಲು ಶುರುಮಾಡಿದವು. ಕೊನೆಯ ದನದ ಬಾಯಿ ವಾಸಿಯಾದ ಮೇಲೂ ಮೂರು ವಾರ ಯಾವ ದನವನ್ನೂ ಹಳ್ಳ ದಾಟಲು, ಹುಲ್ಲು ಹೊರುವವರನ್ನೂ ಆ ದಂಡೆಯಿಂದ ಮುಂದೆ ಹೋಗಲು ಬಿಡಲಿಲ್ಲ. ಗೌಡರ ಊರಿಗೆ ಬೇನೆ ಹೋಗಲಿಲ್ಲ. ನಾವು ಬಂದ ದಾರಿಯ ಒಂದೆರಡು ಹಳ್ಳಿಗಳಲ್ಲಿ ಕಾಣಿಸಿತು. ನಮ್ಮಿಂದ ಅವರಿಗೆ ಹೋಯಿತೋ, ಅವರಿಂದ ನಮಗೆ ಬಂತೋ, ಹೇಳಲಾರೆ.

ಗಡುವು ಮುಗಿದ ಮೇಲೆ ಸವಣೂರು ಕಡೆಯ ಜನ ಹಾರೆ, ಸಲಿಕೆ, ಬುಟ್ಟಿ ಹಿಡಿದು ಕೆಳಗಿನ ಕೆರೆಗೆ ಇಳಿದರು. ಬೇಸಿಗೆ ಮುಗಿಯುವವರೆಗೆ ಹೂಳು ತೆಗೆದರು. ಎಲ್ಲಿ ತೋಡಬೇಕು, ಮಣ್ಣು ಯಾರ ಹೊಲಕ್ಕೆ ಎಂಬುದನ್ನೆಲ್ಲ ಕಾಕಾ ಮತ್ತು ಗೌಡರು ದಿನಾ ಬೆಳಗ್ಗೆ ಏರಿಯ ಮೇಲೆ ನಿಂತು ಜಗಳಾಡುತ್ತಲೇ ಗೊತ್ತುಮಾಡುತ್ತಿದ್ದರು. ನನ್ನ ಜೊತೆ ಕಾಕಾ ಆ ದಿನಗಳಲ್ಲಿ ಮಾತಾಡಿದ್ದು ಕೆಲಸಕ್ಕೆ ಬೇಕಾದಷ್ಟೇ. ಮೊದಲ ಮಳೆ ಬಿದ್ದಾಗ ಹಿಂಡು ಊರಿಗೆ ಹೊರಟಿತು. ಸೈಕಲ್ ಹತ್ತುವ ಹೊತ್ತಿಗೆ ಅವರು ಬಂದು ಹ್ಯಾಂಡಲ್ ಹಿಡಿದು, "ಹೂಳು ತಗದಿದ್ದಕ್ಕ ಕೆರಿ ಛಲೋ ಆತು" ಎಂದರು. "ನಮ್ಮೂರಾಗೂ ಹಿಂಗ ಒಂದು ಕೆರಿ ಹಾಳಬಿದ್ದೈತಿ, ನೋಡಬೇಕು" ಎಂದು ಸೇರಿಸಿದರು. ಮುಂದಿನ ವರ್ಷಗಳಲ್ಲಿ ನೋಡಿದರು ಕೂಡ.

ಬಿಳಿ ಎತ್ತಿನ ಹೆಣ್ಣುಮಗಳು ಮಾತ್ರ ಹಿಂಡಿನ ಜೊತೆ ಹೊರಡಲಿಲ್ಲ. ಅವಳ ಎತ್ತಿನ ಹಿಂಗಾಲಿನ ಗೊರಸು ಬುಡದಿಂದಲೇ ಕಳಚಿ ಬಿದ್ದಿತ್ತು. ಒಳಗೆ ಕೆಂಪು ಮಾಂಸ. ದಿನಾ ತೊಳೆದು, ಎಣ್ಣೆಬಟ್ಟೆ ಸುತ್ತಿ, ಮೇಲೆ ಗೋಣಿತಟ್ಟಿನ ಚೀಲ ಕಟ್ಟುತ್ತಿದ್ದೆವು. ಹೊಸ ಗೊರಸು ಬರುತ್ತದೆ, ಆದರೆ ತಿಂಗಳುಗಳು ಬೇಕು. ದಾರಿ ನಡೆಸಿದರೆ ಬರುವುದಿಲ್ಲ ಎಂದು ಹೇಳಿದೆ. ಬಿಟ್ಟು ಹೋಗು, ಆಮೇಲೆ ಬಂದು ಒಯ್ಯುವಿಯಂತೆ ಎಂದರು ಎಲ್ಲರೂ. ಅವಳು ಒಪ್ಪಲಿಲ್ಲ. ಬೇನೆಯ ಗಡುವು ಮುಗಿದಿತ್ತು, ಗೌಡರು ಎತ್ತನ್ನು ಬಂಡಿಯ ಮೇಲೆ ತರಿಸಿ ತಮ್ಮ ಕೊಟ್ಟಿಗೆಯ ಒಂದು ಮೂಲೆ ಕೊಟ್ಟರು.

ಹಾನಗಲ್ಲ ಕಡೆ ಈ ಸಲದ ಮುಂಗಾರು ಸರಿಯಾಗಿ ಹಿಡಿಯಿತು. ಕೂರಿಗೆಯಲ್ಲಿ ಬಿತ್ತಿದ ಬತ್ತ ಮೇಲೆದ್ದಿತು. ಅವಳ ಇನ್ನೊಂದು ಎತ್ತು ಗೌಡರ ಒಂಟಿ ಎತ್ತಿನ ಜೊತೆ ಕುಂಟೆ ಎಳೆಯಿತು. ಅವಳು ಗದ್ದೆಯಲ್ಲಿ ಕಳೆ ತೆಗೆದಳು. ನಾನು ಬಿಡುವಾದಾಗ ಬಸ್ಸು ಹಿಡಿದೋ ಸೈಕಲ್ ತುಳಿದೋ ಹೋಗಿ ಕಾಲು ನೋಡಿ ಬರುತ್ತಿದ್ದೆ. ಗೊರಸು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಮೊದಲು ಉಗುರಿನಷ್ಟು ತೆಳ್ಳಗೆ, ಆಮೇಲೆ ಬೂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿ. ಪ್ರತಿ ಸಲವೂ ಅವಳದು ಒಂದೇ ದೂರು: ಅನ್ನ ಉಂಡರೆ ಹೊಟ್ಟೆ ನಿಲ್ಲುವುದಿಲ್ಲ, ರೊಟ್ಟಿ ಬೇಕು.

ಉತ್ತರಿ ಮಳೆ ಹತ್ತಿರ ಬಂದಾಗ ಗಂಡನಿಂದ ಹೇಳಿಕೆ ಬಂತು: ಎರೆ ಹದವಾಗಿದೆ, ಹಿಂಗಾರಿ ಜೋಳ ಬಿತ್ತಬೇಕು. ನಾನು ಹೋದಾಗ ಅವಳು ಗಂಟು ಕಟ್ಟಿಟ್ಟಿದ್ದಳು.

"ಇನ್ನಾ ಹದಿನೈದು ದಿನ ಇದ್ರ ಛಲೋ ಯಕ್ಕಾ. ತಳ ಇನ್ನೂ ಮೆತ್ತಗೈತಿ."

"ಹದಿನೈದು ದಿನ ಎರಿ ಕಾಯತೈತೇನ ತಮ್ಮಾ?"

ಗೌಡರು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. "ಇರ್ತೀಯೇನು ಅಂತ ನಾನೂ ಕೇಳೇನಿ. ಕೇಳೂ ಪೈಕಿ ಅಲ್ಲ ಈಕಿ" ಎಂದು ಎತ್ತಿನ ಬೆನ್ನು ಸವರಿದರು.

ಡಾಂಬರು ರಸ್ತೆ ಬಿಟ್ಟು ಪಕ್ಕದ ಮಣ್ಣಿನಲ್ಲೇ ನಡೆಸು, ಕಲ್ಲು ಸಿಕ್ಕಲ್ಲಿ ಸುತ್ತಿಹೋಗು, ಹೊತ್ತೇರಿದ ಮೇಲೆ ನಿಲ್ಲು ಎಂದು ಹೇಳಿದೆ. ಅವಳು ಹೂಂ ಅಂದಳು. ನಾನು ಬರುತ್ತೇನೆ ಎಂದರೆ ಬೇಡವೆಂದಳು: "ನೀ ಸೈಕಲ್ ಮ್ಯಾಲ ಅವಸರ ಮಾಡ್ತೀ. ಇದು ತನ್ನ ಹೆಜ್ಜಿಲೆ ಬರ್ಲಿ." ಒಂದು ಕೈಯಲ್ಲಿ ಎರಡೂ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಗಂಟು ಹಿಡಿದು, ಎತ್ತುಗಳಿಗೆ ಏನೋ ಹೇಳುತ್ತ ಊರ ಬಾಗಿಲು ದಾಟಿದಳು.

ಮಳೆ ನಿಂತು ಹೆಚ್ಚು ಹೊತ್ತಾಗಿರಲಿಲ್ಲ, ದಾರಿಯ ಮಣ್ಣು ಹಸಿಯಿತ್ತು. ಅವರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಬಗ್ಗಿ ಬಲದ ಎತ್ತಿನ ಹೆಜ್ಜೆಗಳನ್ನು ನೋಡಿದೆ. ಹೊಸ ಗೊರಸಿನ ಗುರುತು ಉಳಿದ ಮೂರಕ್ಕಿಂತ ಸ್ವಲ್ಪ ಸಣ್ಣದಿತ್ತು. ಆದರೆ ಅವುಗಳಷ್ಟೇ ಆಳವಾಗಿ ಊರಿತ್ತು.